ಕೋಶದೊಳಗೆ ಹೊಕ್ಕ ಸಾಲ್ಮೊನೆಲ್ಲಾವನ್ನು ಎಣಿಸುವುದು: ಜೆಂಟಮೈಸಿನ್ ಪ್ರಯೋಗದ ಒಳಹೊರಗು

ಲ್ಯಾಬಿನಲ್ಲಿ ಬೆಳೆಸುವ ಮನುಷ್ಯಕೋಶಗಳಾದ ಹೀಲಾ ಕೋಶಗಳ ಪದರದ ಮೇಲೆ, ಕರುಳಿನ ಸೋಂಕು ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಕ್ಟೀರಿಯಾ ಮೂರು ಪಾಲಾಗುತ್ತವೆ. ಒಂದಷ್ಟು ಮೀಡಿಯಂನಲ್ಲೇ (ಕೋಶ ಬೆಳೆಸುವ ಪೋಷಕ ದ್ರವ) ಈಜುತ್ತಿರುತ್ತವೆ, ಒಂದಷ್ಟು ಕೋಶದ ಹೊರಮೈಗೆ ಅಂಟಿರುತ್ತವೆ, ಮಿಕ್ಕವು ಒಳಗೆ ಹೊಕ್ಕಿರುತ್ತವೆ. ಅಗರ್ ಪ್ಲೇಟಿನ ಮೇಲೆ ಹರಡಿದಾಗ ಮೂರೂ ಒಂದೇ ಬಗೆಯ ಕಾಲೊನಿ ಕೊಡುತ್ತವೆ. ಸೋಂಕಿನ ಬಗ್ಗೆ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಬೇಕಾದದ್ದು ಮೂರನೆಯ ಪಾಲಿನ ಲೆಕ್ಕ. ಹೊರಗಿನವನ್ನು ಜೆಂಟಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನಿಂದ ಕೊಂದು, ಆಮೇಲೆ ಕೋಶಗಳನ್ನು ಒಡೆದು, ಒಳಗೆ ಉಳಿದವನ್ನು ಎಣಿಸುವ ವಿಧಾನವೇ ಜೆಂಟಮೈಸಿನ್ ಪ್ರೊಟೆಕ್ಷನ್ ಅಸ್ಸೇ. 1985ರಲ್ಲಿ ಇಸ್‌ಬರ್ಗ್ ಮತ್ತು ಫಾಲ್ಕೊ, ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾದ ಒಂದೇ ಒಂದು ಜೀನ್ ಭಾಗವನ್ನು ಪಡೆದರೆ, ಸಾಮಾನ್ಯವಾಗಿ ಕೋಶದೊಳಗೆ ಹೋಗದ ಲ್ಯಾಬ್ ತಳಿ ಇ. ಕೋಲಿ ಕೆ-12 ಕೂಡ ಪ್ರಾಣಿಕೋಶದೊಳಗೆ ಹೋಗಬಲ್ಲದು ಎಂದು ತೋರಿಸಿದರು. 1989ರಲ್ಲಿ ಗಲಾನ್ ಮತ್ತು ಕರ್ಟಿಸ್ ಸಾಲ್ಮೊನೆಲ್ಲಾದ ಪ್ರವೇಶಕ್ಕೆ ಬೇಕಾದ ಇನ್ವ್ ಜೀನ್‌ಗಳನ್ನು ಗುರುತಿಸಿದರು. ಆಗಿನಿಂದ ಇಂದಿನವರೆಗೂ ಈ ಕ್ಷೇತ್ರದ ಪ್ರಬಂಧಗಳಲ್ಲಿ ಈ ಪ್ರಯೋಗ ಬಳಕೆಯಲ್ಲಿದೆ. ಸಾಲ್ಮೊನೆಲ್ಲಾ ಸಂಶೋಧನೆ ನಡೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಪಿಎಚ್‌ಡಿಗೆ ಸೇರುವವರು ಇದನ್ನು ಕಲಿಯಬೇಕಾಗಬಹುದು.

ಮಾಡುವುದು ಕಷ್ಟವಲ್ಲ, ಕೆಲವೇ ದಿನದ ಕೆಲಸ. ಕೊನೆಗೆ ಕೈಗೆ ಬರುವ ಸಂಖ್ಯೆಯ ಅರ್ಥ ಹೇಳುವುದು ಕಷ್ಟ. ಎಷ್ಟು ಹೊಕ್ಕವು, ಎಷ್ಟು ಬದುಕಿದವು, ಎಷ್ಟು ಬೆಳೆದವು, ಎಷ್ಟು ಕೋಶಗಳು ನಡುವೆ ಸತ್ತವು, ಎಲ್ಲವೂ ಆ ಒಂದೇ ಸಂಖ್ಯೆಯೊಳಗೆ ಕಲೆತಿರುತ್ತವೆ. ಅವನ್ನು ಬಿಡಿಸಲು ಅದೇ ಪ್ಲೇಟಿನಲ್ಲಿ ಪಕ್ಕದ ವೆಲ್‌ಗಳಲ್ಲಿ (ಕೋಶ ಬೆಳೆಸುವ ಪ್ಲೇಟಿನ ಗುಳಿಗಳು) ಹೋಲಿಕೆಗಾಗಿ ಇಟ್ಟ ಕಂಟ್ರೋಲ್‌ಗಳೇ ಬೇಕು. ಆಮೇಲೆ ಯಾವ ಅಂಕಿಅಂಶ ಪರೀಕ್ಷೆಯೂ ಆ ಕೆಲಸ ಮಾಡಿಕೊಡುವುದಿಲ್ಲ.

ಮೊದಲು ಔಷಧಿಯ ಸ್ವಭಾವ. ಜೆಂಟಮೈಸಿನ್ ಅಣುವಿನ ಮೇಲೆ ಹಲವು ಧನ ಆವೇಶಗಳಿವೆ, ಅದು ನಮ್ಮ ಕೋಶಪೊರೆಯನ್ನು ನೇರವಾಗಿ ದಾಟುವುದಿಲ್ಲ. ಆದರೆ ಕೋಶ ಸುತ್ತಲಿನ ದ್ರವವನ್ನು ನಿಧಾನವಾಗಿ ಒಳಗೆಳೆದುಕೊಳ್ಳುವಾಗ ಅದರ ಜೊತೆ ಔಷಧಿಯೂ ಹೋಗಿ ಲೈಸೊಸೋಮ್‌ಗಳಲ್ಲಿ ಶೇಖರವಾಗುತ್ತದೆ. ಆ ಆಮ್ಲೀಯ ಜಾಗದಲ್ಲಿ ಅದರ ಶಕ್ತಿ ಕುಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಪ್ರಮಾಣವನ್ನು ಒಂದು ಗಂಟೆಗೆ ಮಾತ್ರ ಕೊಟ್ಟು, ಆಮೇಲೆ 10 ಮೈಕ್ರೋಗ್ರಾಂಗೆ ಇಳಿಸುವುದು ರೂಢಿ. 16 ಗಂಟೆ ಪೂರ್ತಿ 100ರಲ್ಲೇ ಬಿಟ್ಟರೆ ಒಳಗಿನವೂ ನಿಧಾನಕ್ಕೆ ಸಾಯಬಹುದು, ನೀವು ಅದನ್ನು "ಬ್ಯಾಕ್ಟೀರಿಯಾ ಬೆಳೆಯಲಿಲ್ಲ" ಎಂದು ಬರೆದುಕೊಳ್ಳುತ್ತೀರಿ. ಇನ್ನೊಂದು ಮಿತಿ: ಜೆಂಟಮೈಸಿನ್ ಬ್ಯಾಕ್ಟೀರಿಯಾದೊಳಗೆ ಹೋಗಲು ಉಸಿರಾಟದಿಂದ ಹುಟ್ಟುವ ಪ್ರೋಟಾನ್ ಬಲ ಬೇಕು. ಆಮ್ಲಜನಕವಿಲ್ಲದೆ ಬೆಳೆಯುವ ಜೀವಿಗಳ ಮೇಲೆ ಅದು ನಡೆಯುವುದಿಲ್ಲ, ಅಂಥವುಗಳಿಗೆ ಈ ಪ್ರಯೋಗವನ್ನು ಹೀಗೇ ಎತ್ತಿಕೊಂಡು ಹೋಗಬಾರದು.

50 ಮಿಲಿಗ್ರಾಂ/ಮಿ.ಲೀ. ಸ್ಟಾಕ್ ಇದ್ದರೆ 10 ಮಿ.ಲೀ. ಮೀಡಿಯಂಗೆ 20 ಮೈಕ್ರೋಲೀಟರ್ ಹಾಕಿದರೆ 100 ಮೈಕ್ರೋಗ್ರಾಂ ಆಯಿತು, 2 ಮೈಕ್ರೋಲೀಟರ್ ಹಾಕಿದರೆ 10 ಆಯಿತು. ಎರಡನೆಯದನ್ನು ನೇರವಾಗಿ ಅಳೆಯದೆ, ಮೊದಲನೆಯದನ್ನೇ ಹತ್ತು ಪಟ್ಟು ತೆಳುಮಾಡಿದರೆ ಪಿಪೆಟ್ ತಪ್ಪು ಕಡಿಮೆ.

ಹೆಚ್ಚಿನ ಪ್ರಯೋಗಗಳು ಕೆಡುವುದು ಬ್ಯಾಕ್ಟೀರಿಯಾ ಬೆಳೆಸುವ ಹಂತದಲ್ಲೇ. ಕೋಶದೊಳಗೆ ಹೋಗಲು ಸಾಲ್ಮೊನೆಲ್ಲಾ ಬಳಸುವುದು ಎಸ್‌ಪಿಐ-1 ಎಂಬ ಜೀನ್ ಗುಂಪು ಕಟ್ಟುವ ಸೂಜಿಯಂಥ ಯಂತ್ರವನ್ನು. ಅದರ ಮೂಲಕ ಸಾಪ್-ಇ, ಸಾಪ್-ಬಿ ಮುಂತಾದ ಪ್ರೋಟೀನ್‌ಗಳು ನಮ್ಮ ಕೋಶದೊಳಗೆ ಇಳಿದು, ರ್‍ಯಾಕ್-1, ಸಿಡಿಸಿ-42 ಎಂಬ ಸ್ವಿಚ್‌ಗಳನ್ನು ಒತ್ತಿ, ಆ್ಯಕ್ಟಿನ್ ಎಳೆಗಳನ್ನು ಕೆರಳಿಸುತ್ತವೆ. ಪೊರೆ ಎದ್ದು ಮಡಿಕೆ ಮಡಿಕೆಯಾಗಿ ಬ್ಯಾಕ್ಟೀರಿಯಾವನ್ನು ಸುತ್ತುವರಿದು ಒಳಗೆಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ನುಂಗುವ ಸ್ವಭಾವವೇ ಇಲ್ಲದ ಕೋಶ ತಾನಾಗಿ ನುಂಗುವಂತೆ ಬ್ಯಾಕ್ಟೀರಿಯಾ ಮಾಡುತ್ತದೆ. ಈ ಯಂತ್ರ ಯಾವಾಗಲೂ ಸಿದ್ಧವಿರುವುದಿಲ್ಲ. ರಾತ್ರಿಯಿಡೀ ಬೆಳೆದು ದಣಿದ ಕಲ್ಚರ್‌ನಲ್ಲಿ ಅದು ಬಹುಮಟ್ಟಿಗೆ ಸ್ತಬ್ಧ. ಬೆಳವಣಿಗೆ ಜೋರಾಗಿದ್ದು ಇನ್ನೇನು ನಿಧಾನವಾಗಬೇಕು ಎನ್ನುವ ಘಟ್ಟದಲ್ಲಿ, ಉಪ್ಪು ಹೆಚ್ಚಿದ್ದು ಆಮ್ಲಜನಕ ಕಡಿಮೆಯಿದ್ದಾಗ ಅದು ಚೆನ್ನಾಗಿ ತಯಾರಾಗುತ್ತದೆ.

ಆದ್ದರಿಂದ ಎಲ್‌ಬಿ ಎಂಬ ಪೋಷಕ ದ್ರವದಲ್ಲಿ ರಾತ್ರಿ ಬೆಳೆಸಿದ ಕಲ್ಚರ್‌ನಿಂದ 300 ಮೈಕ್ರೋಲೀಟರ್ ತೆಗೆದು 10 ಮಿ.ಲೀ. ಹೊಸ ಎಲ್‌ಬಿಗೆ ಹಾಕಿ, 37 ಡಿಗ್ರಿಯಲ್ಲಿ ಅಲುಗಾಡಿಸುತ್ತ ಮೂರರಿಂದ ಮೂರೂವರೆ ಗಂಟೆ ಬೆಳೆಸಿ. ಸಮಯ ನೋಡುವುದಕ್ಕಿಂತ ಓಡಿ (ಆಪ್ಟಿಕಲ್ ಡೆನ್ಸಿಟಿ, ಅಂದರೆ ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) ನೋಡುವುದು ಮೇಲು, ಯಾಕೆಂದರೆ ಫ್ಲಾಸ್ಕಿನ ಗಾತ್ರ, ಶೇಕರ್‌ನ ವೇಗ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಬೇರೆ. ಪ್ರತಿ ಸಲವೂ ಒಂದೇ ಓಡಿಯಲ್ಲಿ ನಿಲ್ಲಿಸುವುದು ಮುಖ್ಯ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಚೆಲ್ಲಿದ ಮೇಲೆ ತಳದ ಉಂಡೆಯನ್ನು ಅಗಲ ತುದಿಯ ಪಿಪೆಟ್‌ನಿಂದ ಮೆಲ್ಲಗೆ ಕರಗಿಸಿ. ವೋರ್ಟೆಕ್ಸ್ ಮೇಲೆ ಜೋರಾಗಿ ಹಿಡಿದರೆ ಬಾಲದೆಳೆಗಳು ಮುರಿದು ಈಜುವ ಶಕ್ತಿ ಹೋಗುತ್ತದೆ. ಈಜದ ಬ್ಯಾಕ್ಟೀರಿಯಾದಲ್ಲಿ ಹೆಚ್ಚಿನವು ಹತ್ತು ನಿಮಿಷದಲ್ಲಿ ಕೋಶದವರೆಗೆ ತಲುಪುವುದೇ ಇಲ್ಲ.

ಸಾಲ್ಮೊನೆಲ್ಲಾ ತಳಿಯ ಹೆಸರನ್ನೂ ಗಮನಿಸಿ. ಎಸ್‌ಎಲ್1344 ತಳಿಯಲ್ಲಿ ಸಾಪ್-ಇ ಜೀನ್ ಇದೆ, ಒಂದು ಬ್ಯಾಕ್ಟೀರಿಯೋಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಅದನ್ನು ತಂದುಕೊಟ್ಟಿದೆ. 14028 ತಳಿಯಲ್ಲಿ ಆ ಜೀನ್ ಇಲ್ಲ. ಎಲ್‌ಟಿ2ನಲ್ಲಿ ಒತ್ತಡ ತಾಳಲು ಬೇಕಾದ ಆರ್‌ಪಿಒ-ಎಸ್ ಜೀನ್‌ನಲ್ಲೇ ದೋಷವಿದೆ. ಒಂದು ಪ್ರಬಂಧದ ಒಳನುಗ್ಗುವಿಕೆಯ ಸಂಖ್ಯೆಯನ್ನು ಇನ್ನೊಂದರ ಪಕ್ಕದಲ್ಲಿಡುವ ಮೊದಲು ಯಾವ ತಳಿ ಎಂದು ನೋಡಿಕೊಳ್ಳದಿದ್ದರೆ ಹೋಲಿಕೆಗೆ ಬೆಲೆಯಿಲ್ಲ.

ಕೋಶಗಳ ಕಡೆ ಬಂದರೆ, 24 ವೆಲ್‌ಗಳ ಪ್ಲೇಟಿನಲ್ಲಿ ಹಿಂದಿನ ದಿನ ವೆಲ್‌ಗೆ ಸುಮಾರು 1 ಲಕ್ಷ ಹೀಲಾ ಕೋಶ ಹಾಕಿದರೆ ಮಾರನೆ ಬೆಳಿಗ್ಗೆ ಸುಮಾರು 2 ಲಕ್ಷ ಇರುತ್ತವೆ. ಹಾಕುವಾಗಲೇ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಇಲ್ಲದ ಮೀಡಿಯಂ ಬಳಸಿ. ಸೋಂಕಿಗೆ ಅರ್ಧ ಗಂಟೆ ಮೊದಲು ಮೀಡಿಯಂ ಬದಲಿಸಿದರೆ ಸಾಕು ಎಂದು ಕೆಲವರು ಹೇಳುತ್ತಾರೆ, ಅದು ಸಾಲದು. ಕೋಶ ಒಳಗೆಳೆದುಕೊಂಡ ಔಷಧಿ ಮೀಡಿಯಂ ಬದಲಿಸಿದ ತಕ್ಷಣ ಹೋಗುವುದಿಲ್ಲ. ಒಂದು ವೆಲ್ ಹೆಚ್ಚಾಗಿ ಇಟ್ಟು ಬೆಳಿಗ್ಗೆ ಅದರ ಕೋಶಗಳನ್ನು ಬಿಡಿಸಿ ಎಣಿಸಲೇಬೇಕು. ಆ ಎಣಿಕೆ ಇಲ್ಲದೆ ಎಂಓಐ (ಒಂದು ಕೋಶಕ್ಕೆ ಎಷ್ಟು ಬ್ಯಾಕ್ಟೀರಿಯಾ ಹಾಕಿದೆವು ಎಂಬ ಸಂಖ್ಯೆ) ಎಂದು ಬರೆಯುವುದು ಬರೀ ಊಹೆ. ಕೋಶಗಳಲ್ಲಿ ಮೈಕೊಪ್ಲಾಸ್ಮಾ (ಕಲ್ಚರ್ ಕೆಡಿಸುವ ಪುಟ್ಟ ಬ್ಯಾಕ್ಟೀರಿಯಾ) ಇಲ್ಲವೆಂದು ಪಿಸಿಆರ್ ಮಾಡಿ ಖಚಿತಪಡಿಸಿಕೊಂಡಿರಿ. ಅದು ಕೋಶದ ರೋಗನಿರೋಧಕ ಸಂಕೇತಗಳನ್ನು ಬದಲಿಸುತ್ತದೆ, ಪೆನಿಸಿಲಿನ್‌ಗೆ ಬಗ್ಗುವುದಿಲ್ಲ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದೂ ಇಲ್ಲ.

ಈಗ ಲೆಕ್ಕ. ಕೋಶ 2 ಲಕ್ಷ, ಎಂಓಐ 50 ಬೇಕು, ಅಂದರೆ ವೆಲ್‌ಗೆ 1 ಕೋಟಿ ಬ್ಯಾಕ್ಟೀರಿಯಾ. ಸಾಲ್ಮೊನೆಲ್ಲಾ ಕಲ್ಚರ್‌ನ ಓಡಿ 600 ನ್ಯಾನೊಮೀಟರ್‌ನಲ್ಲಿ 1 ಇದ್ದರೆ ಮಿಲಿಲೀಟರಿಗೆ ಹೆಚ್ಚುಕಮ್ಮಿ 100 ಕೋಟಿ. ಹಾಗಾದರೆ 10 ಮೈಕ್ರೋಲೀಟರ್ ಸಾಕು. ಅಷ್ಟು ಚಿಕ್ಕ ಹನಿ ವೆಲ್‌ನ ಒಂದು ಮೂಲೆಯಲ್ಲೇ ಕೂರುತ್ತದೆ, ಆದ್ದರಿಂದ ಅದನ್ನು ಬೆಚ್ಚಗಿನ ಮೀಡಿಯಂನಲ್ಲಿ ಮೊದಲೇ ಬೆರೆಸಿ, ಪ್ರತಿ ವೆಲ್‌ಗೆ ಅರ್ಧ ಮಿಲಿಲೀಟರ್ ಹಾಕಿ. ಬೆರೆಸಿದ್ದರಲ್ಲಿ ಸ್ವಲ್ಪ ಉಳಿಸಿಕೊಂಡು ಅದೇ ಗಂಟೆಯಲ್ಲಿ ತೆಳುಮಾಡಿ ಪ್ಲೇಟ್ ಮಾಡಿ. ಓಡಿಯ ಲೆಕ್ಕ ಅಂದಾಜು, ಮಾರನೆ ದಿನ ಪ್ಲೇಟಿನ ಮೇಲೆ ಎಣಿಸಿ ಸಿಗುವುದು ನಿಜವಾದ ಎಂಓಐ.

ಹೀಲಾಗೆ 10 ನಿಮಿಷ ಸಾಕು. ಮೀಡಿಯಂ ತೆಗೆದು, 37 ಡಿಗ್ರಿಗೆ ಬೆಚ್ಚಗೆ ಮಾಡಿದ, ಕ್ಯಾಲ್ಸಿಯಂ-ಮೆಗ್ನೀಸಿಯಂ ಇರುವ ಬಫರ್‌ನಿಂದ ಎರಡು ಮೂರು ಸಲ ತೊಳೆಯಿರಿ. ತಣ್ಣನೆಯ, ಕ್ಯಾಲ್ಸಿಯಂ ಇಲ್ಲದ ಬಫರ್ ಹಾಕಿದರೆ ಕೋಶಗಳು ಮುದುಡಿ ಎದ್ದುಬರುತ್ತವೆ. ಪಿಪೆಟ್ ತುದಿಯನ್ನು ವೆಲ್‌ನ ಗೋಡೆಗೆ ತಾಗಿಸಿಯೇ ದ್ರವ ಬಿಡಿ, ನೇರ ಪದರದ ಮೇಲೆ ಬಿಟ್ಟರೆ ನಡುವೆ ಬೋಳು ಮಚ್ಚೆ ಬೀಳುತ್ತದೆ. ಆಮೇಲೆ 20 ನಿಮಿಷ ಔಷಧಿಯಿಲ್ಲದ ಮೀಡಿಯಂ: ಒಳಗೆ ಹೋಗುತ್ತಿರುವ ಬ್ಯಾಕ್ಟೀರಿಯಾದ ಹಿಂದೆ ಪೊರೆ ಪೂರ್ತಿ ಮುಚ್ಚಿಕೊಳ್ಳಲು ಅಷ್ಟು ಸಮಯ ಕೊಡಬೇಕು. ನಂತರ 100 ಮೈಕ್ರೋಗ್ರಾಂ ಜೆಂಟಮೈಸಿನ್ ಒಂದು ಗಂಟೆ, ಆಮೇಲೆ 10.

ಕೊಲ್ಲುವ ಪ್ರಮಾಣವನ್ನು ಕಡೆಗಣಿಸಬೇಡಿ. 1 ಕೋಟಿ ಬ್ಯಾಕ್ಟೀರಿಯಾದಲ್ಲಿ 99.9% ಸತ್ತವು ಎಂದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ 10,000 ಇನ್ನೂ ಉಳಿದಿವೆ. ವೈಲ್ಡ್ ಟೈಪ್‌ನ (ಜೀನ್ ಕೆಡಿಸದ ಮೂಲ ತಳಿ) ಎಣಿಕೆ 80,000 ಇದ್ದಾಗ ಇದು ಅಷ್ಟಾಗಿ ಕಾಣದಿರಬಹುದು. ಇನ್ವ್-ಎ ಜೀನ್ ಕೆಟ್ಟು ಒಳನುಗ್ಗಲಾರದ ಮ್ಯುಟೆಂಟ್‌ನ ನಿಜವಾದ ಎಣಿಕೆ ಕೆಲವೇ ನೂರು ಇದ್ದರೆ, ನೀವು ಎಣಿಸುತ್ತಿರುವುದು ಹೊರಗೆ ಬದುಕುಳಿದವನ್ನು. ತೊಳೆಯುವಾಗ ಹೆಚ್ಚಿನವು ಹೋಗುತ್ತವೆ ನಿಜ, ಆದರೂ ಎರಡು ಕಂಟ್ರೋಲ್ ಇಡಿ. ಕೋಶಗಳಿಲ್ಲದ ವೆಲ್‌ಗೆ ಅಷ್ಟೇ ಬ್ಯಾಕ್ಟೀರಿಯಾ, ಅಷ್ಟೇ ಜೆಂಟಮೈಸಿನ್ ಹಾಕಿ ಒಂದು ಗಂಟೆಯ ನಂತರ ಎಷ್ಟು ಬದುಕಿವೆ ನೋಡಿ. ಕೋಶ ಒಡೆಯುವ ಮುನ್ನ ಕೊನೆಯ ತೊಳೆತದ ದ್ರವದಿಂದ 100 ಮೈಕ್ರೋಲೀಟರ್ ಪ್ಲೇಟ್ ಮಾಡಿ. ಎರಡರಲ್ಲೂ ಕಾಲೊನಿ ಇಲ್ಲವೇ ಇಲ್ಲ ಎನ್ನುವಷ್ಟಿರಬೇಕು. ನಿಮ್ಮ ಮ್ಯುಟೆಂಟ್‌ನಲ್ಲಿ ಯಾವ ಔಷಧ ನಿರೋಧಕ ಜೀನ್ ಇದೆ ಎಂಬುದನ್ನೂ ನೋಡಿಕೊಳ್ಳಿ. ಸಾಮಾನ್ಯವಾಗಿ ಬಳಸುವ ಕ್ಯಾನಮೈಸಿನ್ ಜೀನ್ ಜೆಂಟಮೈಸಿನ್‌ಗೆ ನಿರೋಧ ಕೊಡುವುದಿಲ್ಲ, ಆದರೆ ಆಸ್ಪತ್ರೆಯಿಂದ ಬಂದ ರೋಗಿಗಳ ತಳಿಗಳಲ್ಲಿ ಜೆಂಟಮೈಸಿನ್ ನಿರೋಧವೇ ಇರಬಹುದು. ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿ ಪ್ರಮಾಣ) ಪರೀಕ್ಷೆ ಮಾಡದೆ ಅವನ್ನು ಈ ಪ್ರಯೋಗಕ್ಕೆ ತರಬೇಡಿ.

ಒಡೆಯುವ ಮುನ್ನ ಜೆಂಟಮೈಸಿನ್ ಪೂರ್ತಿ ತೊಳೆದಿರಬೇಕು. ಇಲ್ಲದಿದ್ದರೆ ಕೋಶ ಒಡೆದು ಹೊರಬಂದ ಬ್ಯಾಕ್ಟೀರಿಯಾ ವೆಲ್‌ನಲ್ಲೇ ಅದಕ್ಕೆ ಸಿಕ್ಕಿ ಸಾಯುತ್ತವೆ. ಹೀಲಾಗೆ ಫಾಸ್ಫೇಟ್ ಬಫರ್‌ನಲ್ಲಿ 0.1% ಟ್ರೈಟಾನ್ ಎಕ್ಸ್-100, 10 ನಿಮಿಷ, ಸಾಮಾನ್ಯವಾಗಿ ಸಾಕು. ಆಮೇಲೆ ಪಿಪೆಟ್‌ನಿಂದ ಹತ್ತಾರು ಸಲ ಎಳೆದು ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ ಒಂದೂ ಇಡೀ ಕೋಶ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಒಡೆಯದ ಕೋಶವೊಂದರಲ್ಲಿ 30 ಬ್ಯಾಕ್ಟೀರಿಯಾ ಇದ್ದರೂ ಪ್ಲೇಟಿನ ಮೇಲೆ ಒಂದೇ ಕಾಲೊನಿ ಬರುತ್ತದೆ. ಡಿಟರ್ಜೆಂಟ್ ನಿಮ್ಮ ಮ್ಯುಟೆಂಟ್ ಅನ್ನೇ ಕೊಲ್ಲುತ್ತಿಲ್ಲವೇ ಎಂಬುದನ್ನು ಒಮ್ಮೆಯಾದರೂ ಪರೀಕ್ಷಿಸಿ: ಎಣಿಸಿದ ಬ್ಯಾಕ್ಟೀರಿಯಾವನ್ನು ಅದೇ ದ್ರವದಲ್ಲಿ 20 ನಿಮಿಷ ಇಟ್ಟು ಮತ್ತೆ ಎಣಿಸುವುದು. ಹೊರಪೊರೆಯ ಜೀನ್ ಕೆಟ್ಟ ಮ್ಯುಟೆಂಟ್‌ಗಳಿಗೆ ಇದು ತುಂಬ ಅಗತ್ಯ. ಅವು ಕೋಶದೊಳಗೆ ಚೆನ್ನಾಗಿಯೇ ಬದುಕಿದ್ದು, ಟ್ರೈಟಾನ್‌ನಲ್ಲಿ ಸತ್ತು, "ಒಳಗೆ ಬದುಕಲಾರದವು" ಎಂಬ ಹೆಸರು ಪಡೆಯಬಹುದು.

ಎಣಿಕೆ ಹೀಗೆ. ಒಡೆದ ದ್ರವ 1 ಮಿ.ಲೀ., ನೂರು ಪಟ್ಟು ತೆಳುಮಾಡಿದ್ದರಲ್ಲಿ 100 ಮೈಕ್ರೋಲೀಟರ್ ಹರಡಿದಾಗ 84 ಕಾಲೊನಿ ಬಂದರೆ, 84 × 10 × 100 = 84,000 ವೆಲ್‌ಗೆ. ಹಾಕಿದ್ದು 1 ಕೋಟಿ, ಹಾಗಾಗಿ ಒಳನುಗ್ಗಿದ್ದು 0.84%. ಇದು ಸೋಂಕಿನ 2ನೇ ಗಂಟೆಯ ಲೆಕ್ಕ. 16ನೇ ಗಂಟೆಯಲ್ಲಿ 6,30,000 ಸಿಕ್ಕರೆ 7.5 ಪಟ್ಟು ಬೆಳವಣಿಗೆ. 30ರಿಂದ 300 ಕಾಲೊನಿ ಇರುವ ಪ್ಲೇಟ್ ಮಾತ್ರ ಎಣಿಸಿ. ಕಾಂಪ್ಲಿಮೆಂಟ್ ಮಾಡಿದ, ಅಂದರೆ ಕೆಟ್ಟ ಜೀನ್‌ನ ಸರಿಯಾದ ಪ್ರತಿಯನ್ನು ಮರಳಿ ಕೊಟ್ಟ ತಳಿಯಲ್ಲಿ ಆ ಜೀನ್ ಪ್ಲಾಸ್ಮಿಡ್ (ಪ್ರತ್ಯೇಕ ಡಿಎನ್‌ಎ ಉಂಗುರ) ಮೇಲಿದ್ದರೆ, ಔಷಧಿ ಇರುವ ಮತ್ತು ಇಲ್ಲದ ಎರಡೂ ಪ್ಲೇಟಿನ ಮೇಲೆ ಹರಡಿ. 16 ಗಂಟೆಯಲ್ಲಿ ಪ್ಲಾಸ್ಮಿಡ್ ಕಳೆದುಕೊಂಡವು ಎಷ್ಟೆಂದು ಗೊತ್ತಾಗುತ್ತದೆ.

ಇನ್ನು ಅರ್ಥ. 2ನೇ ಗಂಟೆಯ ಎಣಿಕೆ ಕಡಿಮೆಯಾದರೆ ಒಳನುಗ್ಗುವ ಯಂತ್ರವೇ ಕೆಟ್ಟಿದೆ ಎಂದು ತಕ್ಷಣ ಹೇಳಬಾರದು. ಮ್ಯುಟೆಂಟ್ ಈಜುವುದಿಲ್ಲವೇನೋ. ಪ್ಲೇಟನ್ನು ಕೆಲವು ನಿಮಿಷ ಕಡಿಮೆ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ಬ್ಯಾಕ್ಟೀರಿಯಾವನ್ನು ಕೋಶದ ಮೇಲೆ ಕೂರಿಸಿ ನೋಡಿ, ವ್ಯತ್ಯಾಸ ಮಾಯವಾದರೆ ದೋಷ ತಲುಪುವುದರಲ್ಲಿತ್ತು, ನುಗ್ಗುವುದರಲ್ಲಿ ಅಲ್ಲ. ಅಂಟಿಕೊಳ್ಳುವುದರಲ್ಲಿದೆಯೇ ಎಂದು ನೋಡಲು ಜೆಂಟಮೈಸಿನ್ ಹಾಕದ ವೆಲ್ ಬೇಕು. ಮ್ಯುಟೆಂಟನ್ನೂ ವೈಲ್ಡ್ ಟೈಪನ್ನೂ ಒಂದೇ ವೆಲ್‌ನಲ್ಲಿ ಬೆರೆಸಿ ಹಾಕುವವರು ಎಚ್ಚರವಾಗಿರಬೇಕು. ವೈಲ್ಡ್ ಟೈಪ್ ಎಬ್ಬಿಸಿದ ಪೊರೆಯ ಮಡಿಕೆಗೆ ಸಿಕ್ಕು, ತಾನಾಗಿ ನುಗ್ಗಲಾರದ ಇನ್ವ್-ಎ ಮ್ಯುಟೆಂಟ್ ಕೂಡ ಒಳಗೆ ಹೋಗಿಬಿಡುತ್ತದೆ.

16ನೇ ಗಂಟೆಯ ಎಣಿಕೆಯಲ್ಲಿ ಇನ್ನೂ ದೊಡ್ಡ ಗುಂಡಿಯಿದೆ. ಒಳಗೆ ಹೋದ ಸಾಲ್ಮೊನೆಲ್ಲಾ ಒಂದು ಪೊರೆಚೀಲದಲ್ಲಿ ನೆಲೆಸಿ, ಎಸ್‌ಪಿಐ-2 ಎಂಬ ಎರಡನೆಯ ಸೂಜಿಯಂತ್ರದಿಂದ ಆ ಚೀಲವನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತದೆ. ಆ ಯಂತ್ರದ ಎಸ್‌ಎಸ್‌ಎ-ವಿ ಜೀನ್ ಕೆಟ್ಟ ಮ್ಯುಟೆಂಟ್ ಒಳಗೆ ಸರಿಯಾಗಿ ಹೋಗುತ್ತದೆ, ಆದರೆ ಬೆಳೆಯುವುದರಲ್ಲಿ ಹಿಂದೆ ಬೀಳುತ್ತದೆ. ಬೆಳವಣಿಗೆಯ ಕಂಟ್ರೋಲ್ ಆಗಿ ಇದನ್ನು ಇಡಿ. ಈಗ ನಿಮ್ಮ ಹೊಸ ಮ್ಯುಟೆಂಟ್‌ನ ಎಣಿಕೆಯೂ ಹಾಗೇ ಇಳಿದಿದೆ ಎಂದುಕೊಳ್ಳಿ. ಅದು ಬೆಳೆಯದೆ ಇರಬಹುದು. ಅಥವಾ ಅದು ಕೋಶಗಳನ್ನು ಬೇಗ ಕೊಲ್ಲುತ್ತಿರಬಹುದು: ಕೋಶ ಸತ್ತರೆ ಪೊರೆ ತೂತಾಗುತ್ತದೆ, ಹೊರಗಿನ ಜೆಂಟಮೈಸಿನ್ ಒಳಗೆ ಹರಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತವೆ, ಎಣಿಕೆ ಇಳಿಯುತ್ತದೆ. ಹೆಚ್ಚು ಉಗ್ರವಾದ ಮ್ಯುಟೆಂಟ್ ದುರ್ಬಲವಾದದ್ದರಂತೆ ಕಾಣುತ್ತದೆ. ಸತ್ತ ಕೋಶಗಳಿಂದ ಮೀಡಿಯಂಗೆ ಸೋರಿದ ಎಲ್‌ಡಿಎಚ್ ಎಂಬ ಕಿಣ್ವವನ್ನು ಅದೇ ವೆಲ್‌ನಿಂದ ಅಳೆದರೆ ಇದು ಬಯಲಾಗುತ್ತದೆ. ನಮ್ಮ ಮಟ್ಟಿಗೆ, ಎಲ್‌ಡಿಎಚ್ ಇಲ್ಲದ 16 ಗಂಟೆಯ ಎಣಿಕೆಯನ್ನು ಒಪ್ಪಿಕೊಳ್ಳುವುದು ಕಷ್ಟ.

ಸರಾಸರಿಯೂ ಮೋಸ ಮಾಡುತ್ತದೆ. 2ನೇ ಗಂಟೆಯಲ್ಲಿ 100 ಇದ್ದು 16ನೇ ಗಂಟೆಯಲ್ಲೂ 100 ಇದ್ದರೆ ಏನೂ ಆಗಿಲ್ಲ ಎನಿಸುತ್ತದೆ. 90 ಸತ್ತು 10 ಬ್ಯಾಕ್ಟೀರಿಯಾ ಹತ್ತು ಪಟ್ಟಾದರೂ ಅದೇ ನೂರು. 2010ರಲ್ಲಿ ಹೆಲೈನ್, ಹೋಲ್ಡನ್ ಮತ್ತು ಸಂಗಡಿಗರು ಇದನ್ನು ಬಿಡಿಸಲು ಒಂದು ದಾರಿ ತೋರಿಸಿದರು. ಬ್ಯಾಕ್ಟೀರಿಯಾದಲ್ಲಿ ಮೊದಲೇ ಬಣ್ಣದ ಪ್ರೋಟೀನ್ ತುಂಬಿಸಿ ಅದರ ತಯಾರಿಕೆ ನಿಲ್ಲಿಸಿಬಿಡುವುದು. ಪ್ರತಿ ವಿಭಜನೆಗೂ ಬಣ್ಣ ಅರ್ಧವಾಗುತ್ತದೆ, ಯಾವುದು ಎಷ್ಟು ಸಲ ಒಡೆಯಿತು ಎಂದು ಫ್ಲೋ ಸೈಟೋಮೀಟರ್ ಹೇಳುತ್ತದೆ. ಮ್ಯಾಕ್ರೋಫೇಜ್‌ಗಳಲ್ಲಿ (ರೋಗಾಣು ನುಂಗುವ ರಕ್ಷಕ ಕೋಶಗಳು) ಒಂದಷ್ಟು ಬ್ಯಾಕ್ಟೀರಿಯಾ ಒಡೆಯದೆ ಸುಮ್ಮನಿರುತ್ತವೆ ಎಂಬುದು ಹೀಗೆ ಕಂಡುಬಂತು. ಆ್ಯಂಟಿಬಯೋಟಿಕ್ ಕೊಟ್ಟ ಮೇಲೂ ಸೋಂಕು ಮರುಕಳಿಸುವುದಕ್ಕೆ ಇಂಥವು ಕಾರಣವಾಗಬಲ್ಲವು ಎಂಬ ಕಾರಣಕ್ಕೆ ಈ ಕೆಲಸ ವೈದ್ಯರಿಗೂ ಮುಖ್ಯ. ಇನ್ನೊಂದೆಡೆ, ಹೀಲಾದಂಥ ಎಪಿಥೀಲಿಯಲ್ (ಹೊದಿಕೆ ಪದರದ) ಕೋಶಗಳಲ್ಲಿ ಕೆಲವು ಬ್ಯಾಕ್ಟೀರಿಯಾ ಚೀಲ ಹರಿದು ಸೈಟೋಸಾಲ್‌ಗೆ (ಕೋಶದೊಳಗಿನ ದ್ರವ) ಬಂದು ವಿಪರೀತ ಬೆಳೆಯುತ್ತವೆ. ಕ್ಲೋರೊಕ್ವಿನ್ ಎಂಬ ಔಷಧಿ ಚೀಲಗಳಲ್ಲಿ ಮಾತ್ರ ಶೇಖರವಾಗಿ ಅಲ್ಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ, ಕೊನೆಯ ಒಂದು ಗಂಟೆ ಅದನ್ನು ಕೊಟ್ಟ ವೆಲ್‌ನಲ್ಲಿ ಉಳಿದವು ಸೈಟೋಸಾಲ್‌ನವು ಎಂದು ಲೆಕ್ಕ ಹಾಕಬಹುದು.

ಮ್ಯಾಕ್ರೋಫೇಜ್ ಬಳಸುವುದಾದರೆ ಮೇಲಿನ ಹಲವು ಸೂಚನೆ ತಿರುಗುಮುರುಗು. ಎಸ್‌ಪಿಐ-1 ಸಿದ್ಧವಿರುವ ಬ್ಯಾಕ್ಟೀರಿಯಾ ಹಾಕಿದರೆ ಕ್ಯಾಸ್ಪೇಸ್-1 ಎಂಬ ಕಿಣ್ವ ಎಚ್ಚೆತ್ತು ಮ್ಯಾಕ್ರೋಫೇಜ್ ಒಂದೆರಡು ಗಂಟೆಯಲ್ಲೇ ಸಿಡಿದು ಸಾಯುತ್ತದೆ. ಇಲ್ಲಿ ರಾತ್ರಿಯಿಡೀ ಬೆಳೆದ ಸ್ತಬ್ಧ ಕಲ್ಚರ್ ತೆಗೆದುಕೊಂಡು, 10ರಿಂದ 20% ಸೀರಮ್‌ನಲ್ಲಿ 20-30 ನಿಮಿಷ ಇಟ್ಟು, ಎಂಓಐ 10ರಷ್ಟಕ್ಕೆ ಇಳಿಸುವುದು ಸರಿ. ಆರ್‌ಎಡಬ್ಲ್ಯೂ 264.7 ಎಂಬ ಮ್ಯಾಕ್ರೋಫೇಜ್ ಕೋಶಗಳು ಸುಲಭವಾಗಿ ಬೆಳೆಯುತ್ತವೆ, ಆದರೆ ಅವು ಬಂದದ್ದು ಬ್ಯಾಲ್ಬ್-ಸಿ ಇಲಿಯಿಂದ: ಎನ್‌ರ್‍ಯಾಂಪ್-1 ಎಂಬ ರಕ್ಷಣಾ ಪ್ರೋಟೀನ್ ಕೆಲಸ ಮಾಡುವುದಿಲ್ಲ. ಇನ್‌ಫ್ಲಮಸೋಮ್‌ಗೆ (ಕ್ಯಾಸ್ಪೇಸ್-1 ಎಚ್ಚರಿಸುವ ಪ್ರೋಟೀನ್ ಗುಂಪು) ಬೇಕಾದ ಎಎಸ್‌ಸಿ ಪ್ರೋಟೀನ್ ಕೂಡ ಈ ಕೋಶಗಳಲ್ಲಿ ಇಲ್ಲ. ಇನ್‌ಫ್ಲಮಸೋಮ್ ಬಗ್ಗೆ ಪ್ರಶ್ನೆಯಿದ್ದರೆ ಇಲಿಯ ಮೂಳೆಮಜ್ಜೆಯಿಂದ ಬೆಳೆಸಿದ ಮ್ಯಾಕ್ರೋಫೇಜ್ ಬೇಕು.

ಎಣಿಕೆಯ ಜೊತೆ ಕಣ್ಣಿಗೂ ಒಂದು ಸಾಕ್ಷಿ ಬೇಕು. ಕವರ್‌ಸ್ಲಿಪ್ ಮೇಲೆ ಅದೇ ಸೋಂಕು ಮಾಡಿ, 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ ಸ್ಥಿರಗೊಳಿಸಿ. ಪೊರೆಗೆ ತೂತು ಮಾಡದೆ ಮೊದಲು ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಎಲ್‌ಪಿಎಸ್‌ಗೆ ಆ್ಯಂಟಿಬಾಡಿ ಹಾಕಿ ಕೆಂಪು ಬಣ್ಣ ಕೊಡಿ, ಆಮೇಲೆ 0.1% ಸ್ಯಾಪೊನಿನ್‌ನಿಂದ ಪೊರೆ ತೆರೆದು ಅದೇ ಆ್ಯಂಟಿಬಾಡಿಗೆ ಹಸಿರು ಕೊಡಿ. ಎರಡೂ ಬಣ್ಣವಿದ್ದರೆ ಹೊರಗಿನದು, ಹಸಿರು ಮಾತ್ರ ಇದ್ದರೆ ಒಳಗಿನದು. ಎಷ್ಟು ಶೇಕಡಾ ಕೋಶಗಳಿಗೆ ಸೋಂಕು ತಗುಲಿದೆ, ಪ್ರತಿ ಕೋಶದಲ್ಲಿ ಎಷ್ಟಿವೆ ಎಂಬುದು ಇಲ್ಲಿ ಮಾತ್ರ ಸಿಗುತ್ತದೆ.

ಮನುಷ್ಯನ ಕಾಯಿಲೆಯ ಬಗ್ಗೆ ಇದರಿಂದ ಎಷ್ಟು ಹೇಳಬಹುದು? ಹೀಲಾ ಗರ್ಭಕಂಠದ ಗಡ್ಡೆಯಿಂದ 1951ರಲ್ಲಿ ಬೆಳೆಸಿದ ಕೋಶ, ಕರುಳಿನದಲ್ಲ. ಕರುಳಿನ ಕಡೆಗೆ ಹತ್ತಿರ ಹೋಗಬೇಕೆಂದರೆ ಕ್ಯಾಕೊ-2 ಕೋಶಗಳನ್ನು ಜಾಲರಿಯ ಮೇಲೆ ಸುಮಾರು 21 ದಿನ ಬೆಳೆಸಿ ಮೇಲು-ಕೆಳಗು ಮೂಡಿದ ಮೇಲೆ ಮೇಲ್ಬದಿಯಿಂದ ಸೋಂಕು ಮಾಡಬೇಕು. ಮೇಲಿನದ್ದೆಲ್ಲ ಸಾಲ್ಮೊನೆಲ್ಲಾದ ಟೈಫಿಮ್ಯೂರಿಯಂ ಎಂಬ ಪ್ರಭೇದದ ಬಗ್ಗೆ, ಮನುಷ್ಯರಲ್ಲಿ ಅದು ಹೆಚ್ಚಾಗಿ ವಾಂತಿಭೇದಿ ತರುತ್ತದೆ. ನಮ್ಮ ಊರುಗಳಲ್ಲಿ ವಿಷಮಶೀತ ಜ್ವರ ತರುವ ಟೈಫಿ ಎಂಬ ಇನ್ನೊಂದು ಪ್ರಭೇದ ಮನುಷ್ಯರಲ್ಲಿ ಮಾತ್ರ ರೋಗ ತರುತ್ತದೆ, ಅದಕ್ಕೆ ವಿ ಎಂಬ ಹೊದಿಕೆಯಿದೆ, ಕೋಶದೊಳಗೆ ಇದ್ದಾಗ ಮಾತ್ರ ತಯಾರಿಸುವ ವಿಷವೂ ಇದೆ. ಟೈಫಿಮ್ಯೂರಿಯಂನ ಫಲಿತಾಂಶವನ್ನು ಟೈಫಿಗೆ ಹಾಗೇ ಅಂಟಿಸುವಂತಿಲ್ಲ. ಟೈಫಿ ಜೊತೆ ಕೆಲಸ ಮಾಡುವುದಾದರೆ ಲಸಿಕೆ ಹಾಕಿಸಿಕೊಂಡು, ಜೀವಸುರಕ್ಷತಾ ಕ್ಯಾಬಿನೆಟ್‌ನಲ್ಲೇ ಮಾಡಿ. ಯಾವ ತಳಿಯೇ ಆಗಲಿ, ಎಲ್ಲ ದ್ರವವನ್ನೂ ಬ್ಲೀಚ್‌ಗೆ ಹಾಕಿ, ಪ್ಲೇಟ್‌ಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ.

ಕೊನೆಗೆ ಅಂಕಿಅಂಶ. ಒಂದೇ ದಿನ, ಒಂದೇ ಕಲ್ಚರ್‌ನಿಂದ ಮೂರು ವೆಲ್ ಮಾಡಿದರೆ ಎನ್ ಬೆಲೆ (ಸ್ವತಂತ್ರ ಪ್ರಯೋಗಗಳ ಸಂಖ್ಯೆ) 1, 3 ಅಲ್ಲ. ಮೂರು ಬೇರೆ ದಿನ, ಬೇರೆ ಕಾಲೊನಿಯಿಂದ ಶುರುವಾದ ಕಲ್ಚರ್, ಬೇರೆ ಬ್ಯಾಚ್ ಕೋಶ ಬೇಕು. ವೈಲ್ಡ್ ಟೈಪ್‌ನ ಒಳನುಗ್ಗುವಿಕೆ ದಿನದಿಂದ ದಿನಕ್ಕೆ ಎರಡು ಮೂರು ಪಟ್ಟು ಏರಿಳಿಯುವುದು ಸಾಮಾನ್ಯ, ಹಾಗಾಗಿ ಅದನ್ನು ದಿನವೂ 100 ಎಂದಿಟ್ಟು ಮ್ಯುಟೆಂಟನ್ನು ಅದರ ಶೇಕಡಾವಾರಾಗಿ ತೋರಿಸುತ್ತಾರೆ. ಹಾಗೆ ಮಾಡಿದ ಮೇಲೆ ವೈಲ್ಡ್ ಟೈಪ್‌ನಲ್ಲಿ ಏರಿಳಿತವೇ ಉಳಿಯುವುದಿಲ್ಲ, ಎರಡು ಗುಂಪುಗಳ ಟಿ-ಪರೀಕ್ಷೆ ಅಲ್ಲಿ ಸಲ್ಲದು. ಮೂಲ ಎಣಿಕೆಗಳ ಲಾಗ್ ತೆಗೆದು, ಒಂದೇ ದಿನದ ಮ್ಯುಟೆಂಟ್-ವೈಲ್ಡ್ ಟೈಪ್ ಜೋಡಿಗಳನ್ನು ಜೋಡಿ ಟಿ-ಪರೀಕ್ಷೆಗೆ ಹಾಕಿ, ಮೂಲ ಎಣಿಕೆಗಳನ್ನೂ ಪ್ರಬಂಧದ ಪೂರಕ ಕಡತದಲ್ಲಿ ಕೊಡಿ.